ಅರಿಶಿನ ಕುಡಿದ ಗಾಡಿ

೫ ಜನವರಿ ೧೯೯೪, ಬುಧವಾರ

ಬಾಶೆಟ್ಟಿಹಳ್ಳಿಯ ದಾರದ ಮಿಲ್ಲಿನಲ್ಲಿ ಹೊಸ ವರ್ಷಕ್ಕೆ ಹಂಚಿದ ಡೈರಿಯನ್ನು ಅಣ್ಣ ಅಂಜನಮೂರ್ತಿ ನನಗೆ ಕೊಟ್ಟು ಹೋಗಿದ್ದಾನೆ. "ಪಿಯುಸಿ ಓದಿದೋಳು ನೀನು, ಏನಾದ್ರೂ ಬರ್ಕೊಳೇ ಆಶಾ" ಎಂದ. ಏನು ಬರೆಯಲಿ? ಬೈಗುಳವನ್ನೇ ಬರೆದುಕೊಳ್ಳುತ್ತೇನೆ. ಬಾಯಿಬಿಟ್ಟು ಬೈದರೆ ಅತ್ತೆಗೆ ಕೇಳಿಸುತ್ತದೆ.

ಗಂಡನ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ, ಬರೆದರೆ ದೋಷವಿಲ್ಲವಲ್ಲ: ಶ್ರೀಧರ್. ಈ ಶ್ರೀಧರ್ ಅವರಿಗೆ ಒಂದು ಪಿಕಪ್ ಗಾಡಿ ಇದೆ. ಸೆಕೆಂಡ್ ಹ್ಯಾಂಡು, ಡೀಸೆಲ್ಲು. ದೊಡ್ಡಬಳ್ಳಾಪುರದ ಹತ್ತಿರದ ಮಧುರೆ ಸುತ್ತಲಿನ ತೋಟಗಳ ತರಕಾರಿ ತುಂಬಿಕೊಂಡು ಬೆಳಗಿನ ಜಾವ ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗುವುದು ಇವರ ಕೆಲಸ. ಹೋಗುವುದು ಎಂದು ಬರೆದೆ. ಹೋಗಲು ನೋಡುವುದು ಎಂದು ಬರೆಯಬೇಕಿತ್ತು. ನನ್ನ ಮಗಳಿಗೆ ಸವತಿ ಕಾಟವಿಲ್ಲ ಎಂದು ಅಮ್ಮ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಅವಳಿಗೇನು ಗೊತ್ತು, ನಾಲ್ಕು ಚಕ್ರದ್ದೊಂದು ಅಂಗಳದಲ್ಲೇ ನಿಂತಿದೆ.

ಇವತ್ತು ಅವರೆಕಾಯಿ ಮೂಟೆ ತುಂಬಿ, ರೈತರೆಲ್ಲ ಹತ್ತಿ ಕೂತ ಮೇಲೆ ಅದು ಎರಡು ಸಲ ಕೆಮ್ಮಿ ನಿಂತಿತು. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಂಡಿದೆಯಂತೆ. "ಬಾರೇ, ಇದನ್ನ ಒತ್ತುತ್ತಾ ಇರು" ಎಂದು ಒಲೆಯ ಮುಂದಿದ್ದವಳನ್ನು ಕರೆದರು. ಇವರು ನಟ್ಟು ಸಡಿಲಿಸಿದರು, ನಾನು ಪಂಪಿನ ಗುಂಡಿ ಒತ್ತಿದೆ. ಗುಳ್ಳೆ ಬಂತು, ನೊರೆ ಬಂತು, ಕಡೆಗೆ ಬರೀ ಡೀಸೆಲ್ ಬಂತು. ನಟ್ಟು ಬಿಗಿದರು, ಗಾಡಿ ಹೊರಟಿತು. ಮನುಷ್ಯರಿಗೆ ವಾಯು ಹಿಡಿದರೆ ಓಮಿನ ಕಷಾಯ ಸಾಕು, ಇದಕ್ಕೆ ಹೆಂಡತಿಯೇ ಬೇಕು. ಒಲೆಯ ಮೇಲಿನ ಅನ್ನ ಸೀದುಹೋಯಿತು.

ಯುಗಾದಿ ಕಳೆದ ಮೇಲೆ ಅಣ್ಣನ ಮಿಲ್ಲಿನಲ್ಲಿ ಹೊಸಬರನ್ನು ತೆಗೆದುಕೊಳ್ಳುತ್ತಾರೆ. ಇವರಿಗೊಂದು ಜಾಗ ಹಿಡಿದಿಡು ಎಂದು ಅಣ್ಣನ ಕೈಕಾಲು ಹಿಡಿದಿದ್ದೇನೆ. ಶಿಫ್ಟು ಮುಗಿದರೆ ಮನೆ. ಬಸ್ಸು ಕೆಟ್ಟರೆ ಕಂಪನಿಯ ತಲೆನೋವು. ಇವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನಾನು ಬಿಡುವವಳಲ್ಲ.

೧೪ ಜನವರಿ, ಸಂಕ್ರಾಂತಿ

ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸಿದರು. ಇವರು ಎತ್ತುಗಳ ಪಕ್ಕದಲ್ಲೇ ಗಾಡಿಯನ್ನೂ ತೊಳೆದು ಚೆಂಡುಹೂವಿನ ಹಾರ ಹಾಕಿದರು. "ಇದನ್ನೂ ಕಿಚ್ಚು ಹಾಯಿಸ್ಬಿಡಪ್ಪ, ಒಂದೇ ಸಲ ಪೀಡೆ ಕಳೀತದೆ" ಎಂದು ಮಾವ ಬೈರಣ್ಣನವರು ಜಗುಲಿಯಿಂದ ಕೂಗಿದರು. ಗಾಡಿಯ ವಿಷಯದಲ್ಲಿ ಮಾವ ಪೂರ್ತಿ ನನ್ನ ಪಕ್ಷ.

ತೊಳೆಯುವಾಗ ಗೊತ್ತಾಯಿತು, ರೇಡಿಯೇಟರ್ ತೊಟ್ಟಿಕ್ಕುತ್ತಿದೆ. ಇಂಜಿನ್ ತಣ್ಣಗಿಡುವ ನೀರೆಲ್ಲ ಅದರೊಳಗೆ ಸುತ್ತುತ್ತದಂತೆ. ಟೀ ಅಂಗಡಿಯಲ್ಲಿ ಯಾರೋ ಲಾರಿ ಡ್ರೈವರ್, ಒಂದು ಚಮಚ ಅರಿಶಿನ ಪುಡಿ ಹಾಕಿದರೆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ ಎಂದು ಇವರಿಗೆ ಹೇಳಿದ್ದನಂತೆ. ಮನೆಯವರೆಲ್ಲ ನೋಡುತ್ತಿದ್ದಂತೆ ಒಂದು ಚಮಚ ಹಾಕಿದರು. ತೊಟ್ಟಿಕ್ಕುವುದು ಕಡಿಮೆಯಾಯಿತು. ಇವರ ಜಂಬ ನೋಡಬೇಕಿತ್ತು.

ನಾನು ಸುಮ್ಮನಿರುವವಳೇ? ಒಂದು ಚಮಚಕ್ಕೆ ಇಷ್ಟು ನಿಂತರೆ ಒಂದು ಹಿಡಿಗೆ ಪೂರ್ತಿ ನಿಲ್ಲಬೇಕು. ಇವರು ಎತ್ತು ಹಿಡಿದುಕೊಂಡು ಹೋದಾಗ ಮುಚ್ಚಳ ತಿರುಗಿಸಿ ಹಾಕಿಯೇಬಿಟ್ಟೆ. ಪ್ರೀತಿಯೇನಲ್ಲ. ಯುಗಾದಿಯವರೆಗೆ ನಡೆದರೆ ಒಳ್ಳೆಯ ಗಿರಾಕಿ ಸಿಗುತ್ತಾನೆ, ಅಷ್ಟೇ.

೨೬ ಜನವರಿ, ಬುಧವಾರ

ಅಕ್ಷರ ಸೊಟ್ಟಗಾಗುತ್ತಿದೆ.

ರಾಜಾನುಕುಂಟೆಯ ಹತ್ತಿರ ಗಾಡಿ ಕಾದು ಹಬೆಯಾಡಿತಂತೆ. ಇವರು ಅವಸರಕ್ಕೆ ಬಿಸಿ ಇರುವಾಗಲೇ ರೇಡಿಯೇಟರ್ ಮುಚ್ಚಳ ತಿರುಗಿಸಿದರಂತೆ. ಕುದಿಯುವ ನೀರು ಬಲಗೈಯ ಮೇಲೆ ಚಿಮ್ಮಿದೆ. ಅಂಗೈಯಿಂದ ಮೊಣಕೈವರೆಗೆ ಬೊಬ್ಬೆ. ದೊಡ್ಡಬಳ್ಳಾಪುರದಲ್ಲಿ ಡಾಕ್ಟರಿಗೆ ತೋರಿಸಿ, ಬಟ್ಟೆ ಸುತ್ತಿಸಿಕೊಂಡು ಬಂದರು. ನಾನು ಅತ್ತುಬಿಟ್ಟೆ, ಬೈದೆ, ಮತ್ತೆ ಅತ್ತೆ. ಮಗಳು ಅರ್ಪಿತ ನನ್ನನ್ನು ನೋಡಿ ಅಳಲು ಶುರುಮಾಡಿದಳು.

"ಆಯ್ತು ಕಣೇ" ಎಂದರು ಇವರು. "ಇನ್ನೊಂದು ಸಲ ದೊಡ್ಡದಾಗಿ ಕೈಕೊಟ್ರೆ ಮಾರಿಬಿಟ್ಟು ಮಿಲ್ಲಿಗೆ ಸೇರ್ಕೊಳ್ತೀನಿ. ಮಗೀನ ಮೇಲಾಣೆ."

ಬೇಕಾದದ್ದು ಸಿಕ್ಕಿತು. ಸಿಕ್ಕಿದ್ದಕ್ಕೆ ಸಂತೋಷಪಡಲೂ ಇವತ್ತು ಆಗಲಿಲ್ಲ.

೨೯ ಜನವರಿ, ಶನಿವಾರ

ನಾನೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಉಣ್ಣಿಸುತ್ತೇನೆ. ಅತ್ತೆ ಪಾಪಕ್ಕ ಬಾಗಿಲಲ್ಲಿ ನಿಂತು ನಗುತ್ತಾರೆ. ಇವರಿಗೆ ನಾಚಿಕೆ.

೮ ಫೆಬ್ರವರಿ, ಮಂಗಳವಾರ

ಚರ್ಮ ಇನ್ನೂ ಎಳಸು. ಆದರೂ ಗಾಡಿ ಹತ್ತುತ್ತೇನೆ ಎಂದು ಹಟ. ಸ್ಟೇರಿಂಗ್ ಹಿಡಿಯಬಲ್ಲರು, ಬಾನೆಟ್ ಎತ್ತಲಾರರು. ಹಾಗಾಗಿ ನಾನೂ ಪಕ್ಕದಲ್ಲಿ ಕೂತು ಹೋದೆ. ಹೀಟ್ ತೋರಿಸುವ ಮುಳ್ಳನ್ನು ನೋಡುತ್ತಾ ಕೂರುವುದು ನನ್ನ ಕೆಲಸ. ಊರಾಚೆ ಏರು ಹತ್ತುವಷ್ಟರಲ್ಲಿ ಮುಳ್ಳು ಕೆಂಪಿಗೆ ಹೋಯಿತು. ಹಿಂದೆ ನೋಡಿದರೆ ಬಿಳಿ ಹೊಗೆ, ಹಿತ್ತಲಲ್ಲಿ ಹಸಿ ಸೌದೆ ಹಚ್ಚಿದ ಹಾಗೆ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ದೊಡ್ಡಬಳ್ಳಾಪುರಕ್ಕೆ, ಮೆಕ್ಯಾನಿಕ್ ರಾಮಾಂಜಿನಪ್ಪನ ಗ್ಯಾರೇಜಿಗೆ ಎಳೆಸಿದೆವು. ಅವನು ಆಯಿಲ್ ಕಡ್ಡಿ ಎಳೆದು ತೋರಿಸಿದ. ಕಪ್ಪಗಿರಬೇಕಾದ ಆಯಿಲ್ ಕಡೆದ ಮಜ್ಜಿಗೆಯಂತಾಗಿತ್ತು. "ಹೆಡ್ ಗ್ಯಾಸ್ಕೆಟ್ ಹೋಗಿದೆ ಕಣಕ್ಕ. ನೀರು, ಆಯಿಲ್ ಎರಡೂ ಒಂದಾಗ್ಬಿಟ್ಟಿವೆ. ಇಂಜಿನ್ ಮೇಲಿನ ಹೆಡ್ ಬಿಚ್ಚಲೇಬೇಕು."

ಇದಕ್ಕಿಂತ ದೊಡ್ಡದಾಗಿ ಯಾವ ಗಾಡಿ ಕೈಕೊಡುತ್ತದೆ? ಇವರು ಮಾತು ತಪ್ಪಲಿಲ್ಲ. "ಮಾರಿಬಿಡಾಣ ಆಶಾ" ಎಂದು ತಾವಾಗಿಯೇ ಹೇಳಿದರು. ಬಿಚ್ಚಿದ ಗಾಡಿಯನ್ನು ಯಾರೂ ಮುಟ್ಟುವುದಿಲ್ಲ, ಸರಿಮಾಡಿ ಮಾರಿ ಎಂದ ರಾಮಾಂಜಿನಪ್ಪ. ಅಣ್ಣನಿಗೆ ಹೇಳಿ ಕಳಿಸಿದೆ. ಅವನಿಗೆ ಖುಷಿಯೋ ಖುಷಿ.

ಹೆಡ್ ತೆಗೆಯುವಾಗ ಬಗ್ಗಿ ನೋಡಿದೆ. ನಾಲ್ಕು ಗುಂಡನೆಯ ಬಾವಿಗಳು, ಒಳಗೆ ಪಿಸ್ಟನ್ನು. ಇಷ್ಟು ಚೆನ್ನಾಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ.

೧೭ ಫೆಬ್ರವರಿ, ಗುರುವಾರ

ಹೊಸ ಗ್ಯಾಸ್ಕೆಟ್ ಹಾಕಿ, ಹೆಡ್ ಉಜ್ಜಿಸಿ, ಹೊಸ ಆಯಿಲ್ ತುಂಬಿಸಿ ತಂದೆವು. ಮೊದಲ ಲೋಡಿಗೇ ಮತ್ತೆ ಕಾಯಿತು. ಮುಳ್ಳು ಏರಿದ್ದನ್ನು ನಾನು ನೋಡಿ ಕೂಗಿದ್ದರಿಂದ ಬೇಗ ನಿಲ್ಲಿಸಿದರು, ಹೆಡ್ ಉಳಿಯಿತು.

ರಾಮಾಂಜಿನಪ್ಪ ಬಂದು ನೋಡಿ ತಲೆ ಕೆರೆದುಕೊಂಡ. "ನನ್ ಕೆಲಸದಲ್ಲಿ ತಪ್ಪಿಲ್ಲಣ್ಣ. ಇಂಜಿನ್ನೇ ಮುಗೀತು ಅನ್ಸುತ್ತೆ. ಪೂರ್ತಿ ಇಳಿಸ್ಬೇಕು, ಇಲ್ಲ ಗುಜರಿಗೆ ಹಾಕ್ಬೇಕು."

ಮಾವ ಜಗುಲಿಯಿಂದ "ನಾನ್ ಹೇಳ್ಲಿಲ್ವಾ" ಎಂದರು. ಇವರು ಊಟ ಮಾಡದೆ ಗಾಡಿಯ ಹಿಂದಿನ ಹಲಗೆ ಇಳಿಸಿ ಅದರ ಮೇಲೆ ಕೂತರು. ಮಾವನ ಮಾತು ಯಾಕೋ ನನಗೆ ಹಿಡಿಸಲಿಲ್ಲ. ಸೋತವರ ಮುಂದೆ ಹಾಗೆಲ್ಲ ಅನ್ನಬಾರದು.

೨೦ ಫೆಬ್ರವರಿ, ಭಾನುವಾರ

ಬರೆಯಬೇಕಾದ್ದು ಬೇಕಾದಷ್ಟಿದೆ, ನಗು ತಡೆದುಕೊಂಡರೆ ತಾನೆ.

ಬೆಳಗ್ಗೆ ಇವರು ಗಾಡಿಯನ್ನು ಅಂಗಳದಲ್ಲೇ ಸ್ಟಾರ್ಟ್ ಮಾಡಿ ಬಿಟ್ಟಿದ್ದರು, ಎಷ್ಟು ಹೊತ್ತಿಗೆ ಕಾಯುತ್ತದೆ ನೋಡಲು. ನಾನು ಬಟ್ಟೆ ಹಿಡಿದು ಮುಂದಿನ ಧೂಳು ಒರೆಸುತ್ತಿದ್ದೆ. ರೇಡಿಯೇಟರಿನ ಮೇಲ್ಭಾಗ ಬಟ್ಟೆಯ ಮೇಲಿಂದಲೂ ಸುಡುತ್ತಿತ್ತು. ಕೆಳಭಾಗಕ್ಕೆ ಕೈ ತಗುಲಿದರೆ ತಣ್ಣಗಿದೆ! ಇನ್ನೊಮ್ಮೆ ಮುಟ್ಟಿದೆ. ನೆರಳಲ್ಲಿಟ್ಟ ಕೊಡದ ಹಾಗೆ ತಣ್ಣಗೆ.

"ರೀ, ಮೇಲಿನ ನೀರು ಕೆಳಗಿಳಿದಿದ್ರೆ ಕೆಳಗೂ ಬಿಸಿಯಾಗ್ಬೇಕಲ್ವಾ?"

"ಆಗ್ಬೇಕು."

"ಆಗಿಲ್ಲ, ಮುಟ್ಟಿ ನೋಡಿ."

"ನಿಂಗೇನ್ ಗೊತ್ತಾಗುತ್ತೆ, ಸುಮ್ನಿರು" ಎಂದರು. ಅಂದವರೇ ಎಡಗೈ ಚಾಚಿ ಮುಟ್ಟಿದರು. ಮುಖ ಬದಲಾಯಿತು. ಇಂಜಿನ್ ಆರಿಸಿ, ತಣಿಯಲು ಬಿಟ್ಟು, ಇಬ್ಬರೂ ಸೇರಿ ರೇಡಿಯೇಟರನ್ನೇ ಬಿಚ್ಚಿದೆವು. ಬೋಲ್ಟುಗಳನ್ನೆಲ್ಲ ನಾನೇ ತಿರುಗಿಸಿದ್ದು, ಇವರ ಬಲಗೈಗೆ ಇನ್ನೂ ಬಲವಿಲ್ಲ. ಕಲ್ಲಿನ ಮೇಲಿಟ್ಟು ಬಾಯಿಗೆ ನೀರು ಹೊಯ್ದರೆ ಕೆಳಗಿನ ಪೈಪಿನಿಂದ ತೊಟ್ಟು ತೊಟ್ಟು ಮಾತ್ರ. ತಲೆಕೆಳಗು ಮಾಡಿ ಅಲ್ಲಾಡಿಸಿದಾಗ ಬಂತು ನೋಡಿ, ಹಳದಿ ಗಂಜಿ. ಉಂಡೆ ಉಂಡೆಯಾಗಿ. ಘಮ್ಮೆಂದು ಅರಿಶಿನದ ವಾಸನೆ.

"ಒಂದೇ ಚಮಚ ಕಣೇ ನಾನು ಹಾಕಿದ್ದು!" ಎಂದರು ಇವರು.

ನಾನು ಸೆರಗು ಬಾಯಿಗಿಟ್ಟುಕೊಂಡು, "ನಾನೂ ಒಂದು ಹಿಡಿ..." ಎಂದೆ.

ಬಾಗಿಲಲ್ಲಿದ್ದ ಅತ್ತೆ ಒಳಗೆ ಹೋಗಲು ನೋಡಿದರು. ಇವರು ಬಿಡಲಿಲ್ಲ. "ಅವ್ವಾ?"

"ಪ್ರತಿ ಶುಕ್ರವಾರ ಪೂಜೆ ಮಾಡ್ದಾಗ ಒಂಚೂರು ಹಾಕ್ತಿದ್ದೆ ಕಣಪ್ಪ. ಮಗೀಗೆ ಗಾಯ ಆದ್ರೆ ಅರಿಶಿನ ಹಚ್ಚಲ್ವಾ, ಅಂಗೇಯ."

ಆದರೆ ಆ ಗಂಜಿ ಬರೀ ಅರಿಶಿನದ್ದಲ್ಲ, ಅಂಟುಅಂಟಾಗಿತ್ತು, ನಡುನಡುವೆ ಕಂದು ಬಣ್ಣ. ಎಲ್ಲರೂ ಜಗುಲಿಯ ಕಡೆ ತಿರುಗಿದೆವು. ಮಾವ ಬೀಡಿಗೆ ಬೆಂಕಿಕಡ್ಡಿ ಗೀರುತ್ತಾ ಗೀರುತ್ತಾ ಯಾವ ಕಡ್ಡಿಯನ್ನೂ ಹೊತ್ತಿಸಲಾಗದೆ, "ರಾಗಿ ಹಿಟ್ಟು" ಎಂದರು. "ಅರಿಶಿನಕ್ಕೆ ಹಿಡಿತ ಸಾಲ್ದು ಅನ್ನಿಸ್ತು. ಎರಡು ಸಲ ಹಾಕ್ದೆ."

ಪೀಡೆ ಎಂದು ದಿನವೂ ಶಾಪ ಹಾಕಿದವರೂ ಹಾಕಿದ್ದಾರೆ! ಮನೆಯಲ್ಲಿ ಯಾರಿಗೂ ಯಾರೂ ಹೇಳಿಲ್ಲ. ಎಲ್ಲರೂ ಕದ್ದು ಕದ್ದು ಔಷಧಿ ಕುಡಿಸಿ, ಅದರ ಗಂಟಲು ಕಟ್ಟಿಸಿದ್ದೇವೆ. ಇಂಜಿನ್ ಬೆಂದದ್ದು ಅದರಿಂದ. ಹೆಡ್ ಹೋದದ್ದು ಅದರಿಂದ. ಇವರ ಕೈ ಸುಟ್ಟದ್ದೂ ಅದರಿಂದಲೇ ಎಂದು ಹೊಳೆದಾಗ ಮಾತ್ರ ನನ್ನ ನಗು ನಿಂತಿತು. ಇವರು ಬೈಯಲಿಲ್ಲ. "ಎಲ್ಲರೂ ಸೇರಿ ಮುದ್ದೆ ಮಾಡಿದ್ದೀರಿ, ಸಾರೊಂದು ಬಾಕಿ" ಎಂದರು. ಅಷ್ಟು ದಿನಗಳ ಮೇಲೆ ಇವರು ನಕ್ಕದ್ದು ಇವತ್ತೇ.

೨೨ ಫೆಬ್ರವರಿ, ಮಂಗಳವಾರ

ರೇಡಿಯೇಟರ್ ಅಂಗಡಿಯಲ್ಲಿ ಮೇಲಿನ ತೊಟ್ಟಿ ಬಿಚ್ಚಿಸಿ, ಒಂದೊಂದು ಕೊಳವೆಗೂ ಕಡ್ಡಿ ಹಾಯಿಸಿ, ಸೋರುತ್ತಿದ್ದ ಕಡೆ ಬೆಸುಗೆ ಹಾಕಿಸಿದೆವು. ಅಂಗಡಿಯವನು ಸೋಡಾ ನೀರಲ್ಲಿ ತೊಳೆಯುತ್ತಾ, "ಏನಣ್ಣಾ, ಇದ್ರಲ್ಲಿ ಹುಳಿ ಮಾಡಿದ್ರಾ?" ಎಂದ. ನಾನು ಇವರ ಮುಖ ನೋಡಲಿಲ್ಲ.

೬ ಮಾರ್ಚ್, ಭಾನುವಾರ

ಮುಳ್ಳು ನಡುವಿಗೆ ಬಂದು ನಿಲ್ಲುತ್ತದೆ, ಕದಲುವುದಿಲ್ಲ. ಟೊಮೆಟೊ ಕ್ರೇಟುಗಳನ್ನು ಬಾಯಿತುಂಬ ಹೇರಿದರೂ ಕದಲುವುದಿಲ್ಲ. ಇವರ ಕೈ ವಾಸಿಯಾಗಿದೆ. ನಾನು ಹೋಗಲೇಬೇಕೆಂದೇನೂ ಇಲ್ಲ. ಆದರೂ ವಾರಕ್ಕೆರಡು ಸಲ ಹೋಗುತ್ತೇನೆ. ಅರ್ಪಿತ ಅಜ್ಜಿಯ ಜೊತೆ ಆರಾಮಾಗಿರುತ್ತಾಳೆ. ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಅಗ್ಗ.

ಸಾಸಲಿನ ಗಂಗಣ್ಣ ಗಾಡಿ ನೋಡಲು ಬರುತ್ತೇನೆಂದು ಹೇಳಿ ಕಳಿಸಿದ್ದಾನೆ. ಅಣ್ಣನೂ ಮಿಲ್ಲಿನ ಸೂಪರ್‌ವೈಸರಿಗೆ ಇವರ ಹೆಸರು ಕೊಟ್ಟಾಗಿದೆ. ಎಲ್ಲವೂ ನಾನಂದುಕೊಂಡ ಹಾಗೇ ನಡೆಯುತ್ತಿದೆ. ಒಳ್ಳೆಯದೇ ಆಯಿತು.

ಗಂಗಣ್ಣನದು ಇಟ್ಟಿಗೆ ಗೂಡಂತೆ. ಇಟ್ಟಿಗೆ ಹೇರುವವರಿಗೆ ಭಾರದ ಲೆಕ್ಕವಿರುವುದಿಲ್ಲ. ನೀರು, ಆಯಿಲ್ ನೋಡುತ್ತಾನೋ ಇಲ್ಲವೋ. ನನಗೇಕೆ?

೨೧ ಮಾರ್ಚ್, ಸೋಮವಾರ

ಎರಡು ದಿನದಿಂದ ಕಪ್ಪು ಹೊಗೆ. ಇವರು ಡೀಸೆಲ್ ಚಿಮ್ಮಿಸುವ ನೋಜಲ್ ಇರಬೇಕು ಎಂದರು. ಮೊದಲು ಏರ್ ಫಿಲ್ಟರ್ ನೋಡಿ ಎಂದೆ. ಬಿಚ್ಚಿದರೆ ಅರ್ಧ ಹೊಲದ ಮಣ್ಣು ಅದರಲ್ಲೇ ಇತ್ತು. ಚಾಪೆ ಕೊಡವಿದ ಹಾಗೆ ಕೊಡವಿ ಹಾಕಿದೆವು, ಹೊಗೆ ಹೋಯಿತು. ಇವರು ರಾಮಾಂಜಿನಪ್ಪನ ಹತ್ತಿರ ಇದನ್ನು ಹೇಳಿಕೊಂಡು ಬಂದಿದ್ದಾರೆ. ಗಂಗಣ್ಣ ಮುಂದಿನ ಭಾನುವಾರವೋ, ಅದರಾಚೆಯದೋ ಬರುತ್ತಾನೆ. ನಮ್ಮ ಗಾಡಿಯ ಎಡಬಾಗಿಲು ಕಿರುಗುಟ್ಟುತ್ತದೆ, ಅದಕ್ಕೆ ಎಣ್ಣೆ ಬಿಡಬೇಕು.

೩ ಏಪ್ರಿಲ್, ಭಾನುವಾರ

ಗಂಗಣ್ಣ ಬಿಸಿಲೇರುವ ಮೊದಲೇ ಬಂದ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಮುಂಗಡದ ನೋಟು ಇಟ್ಟುಕೊಂಡೇ ಬಂದಿದ್ದ. ಅನುಭವಸ್ಥ. ತಣ್ಣಗಿರುವ ಇಂಜಿನ್ನನ್ನೇ ಸ್ಟಾರ್ಟ್ ಮಾಡಿಸಿದ, ಒಂದೇ ಸಲಕ್ಕೆ ಹಿಡಿಯಿತು. ಆಯಿಲ್ ಹಾಕುವ ಮುಚ್ಚಳ ತೆಗೆದು, ಒಳಗಿಂದ ಹೊಗೆ ಬರುತ್ತದೆಯೇ ಎಂದು ಅಂಗೈ ಅಡ್ಡ ಹಿಡಿದು ನೋಡಿದ. ರೇಡಿಯೇಟರಿನ ಮೇಲೆ, ಕೆಳಗೆ ಕೈಯಾಡಿಸಿದ. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಏನಾದರೂ ತಪ್ಪು ಸಿಗಲಿ ಎಂದು ಹೊಡೆದುಕೊಳ್ಳುತ್ತಿತ್ತೋ ಸಿಗದಿರಲಿ ಎಂದೋ, ದೇವರೇ ಬಲ್ಲ.

"ಗಾಡಿ ಚೆನ್ನಾಗೈತೆ ಬೈರಣ್ಣ" ಎಂದು ಮಾವನಿಗೆ ಹೇಳಿ, ತಟ್ಟೆಯನ್ನು ಇವರ ಕಡೆ ಚಾಚಿದ. "ತಗೊಳಪ್ಪಾ, ಎಲೆ ಅಡಿಕೆ ಹಿಡಿ."

ಎಲೆ ಅಡಿಕೆ ಹಿಡಿದರೆ ಮುಗಿಯಿತು, ಮಾತು ಕೊಟ್ಟಂತೆ. ಇವರು ಕೈ ಚಾಚಲಿಲ್ಲ. ಗಾಡಿಯ ಕಡೆಗೂ ನೋಡಲಿಲ್ಲ. "ಅವಳ ಕೈಗೇ ಕೊಡಿ ಗಂಗಣ್ಣ. ಮಿಲ್ಲಿನ ಕೆಲಸ ಅವಳ ಆಸೆ" ಎಂದರು. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ತೆಗೆದುಕೊಂಡುಬಿಡುತ್ತಿದ್ದೆ.

ತಟ್ಟೆ ನನ್ನ ಮುಂದೆ ಬಂತು. ನನ್ನ ಕೈ ಸೆರಗಿನೊಳಗಿಂದ ಬರಲಿಲ್ಲ.

"ಗಾಡಿ ಕೊಡಲ್ಲ ಗಂಗಣ್ಣ" ಎಂದೆ.

"ಏನಮ್ಮಾ ಇದು, ಸಾಸಲಿಂದ ಇಲ್ಲೀಗಂಟ ಬಂದಿದ್ದೀನಿ, ಹುಡುಗಾಟ ಆಡ್ತೀಯಾ?"

ಮಾವ ಜಗುಲಿಯಿಂದ ಎದ್ದೇಬಿಟ್ಟರು. "ಏನವ್ವಾ, ಮಾರಿ ಮಾರಿ ಅಂತ ನಮ್ ಕಿವಿ ಕಿತ್ತೋಳು ನೀನೇ ಅಲ್ವಾ?"

"ನಾನೇ ಮಾವ. ಕೆಟ್ಟ ಗಾಡಿ ಮಾರಿ ಅಂದೆ. ಇದು ಕೆಟ್ಟಿರಲಿಲ್ಲ. ನಾವೇ ಕೆಡಿಸಿದ್ದು. ನಾವೇ ಸರಿಮಾಡಿದ್ದೀವಿ. ಈಗ ಯಾಕೆ ಕೊಡ್ಬೇಕು?"

ಅತ್ತೆ, "ಗಂಗಣ್ಣೋರೆ, ಕೈ ತೊಳ್ಕೊಳ್ಳಿ, ಉಂಡ್ಕೊಂಡು ಹೋಗೀರಂತೆ" ಎಂದರು. ನನ್ನ ಅತ್ತೆ ದೊಡ್ಡವರು. ಗಂಗಣ್ಣ ಗೊಣಗುತ್ತಲೇ ಉಂಡ, ಅತ್ತೆ ಬಡಿಸುತ್ತಾ ಅರಿಶಿನದ ಕಥೆ ಹೇಳಿದರು. ಹೊರಡುವಾಗ ಅತ್ತೆಯನ್ನು ಪಕ್ಕಕ್ಕೆ ಕರೆದು, "ನಮ್ ಟ್ರ್ಯಾಕ್ಟ್ರೂ ಸೋರ್ತದೆ. ಅರಿಶಿನ ಎಷ್ಟು ಹಾಕ್ತಿದ್ರಿ?" ಎಂದು ಕೇಳಿದ.

ಇವರು ಎಲ್ಲಿ ಎಂದು ನೋಡಿದರೆ ಗಾಡಿಯ ಹಿಂದೆ ನಿಂತು ತಂಬಿಗೆ ನೀರಲ್ಲಿ ಮುಖ ತೊಳೆಯುತ್ತಿದ್ದರು. ತೊಳೆದಷ್ಟೂ ಕಣ್ಣು ಕೆಂಪಗೇ ಇತ್ತು. ಕೈ ಸುಟ್ಟ ದಿನವೂ ಇವರು ಅತ್ತಿರಲಿಲ್ಲ. ಇಷ್ಟು ಆಸೆ ಇದ್ದರೆ ಒಂದು ಸಲವಾದರೂ ಬೇಡ ಎನ್ನಬಾರದಿತ್ತೇ? ನನಗಾಗಿ ಸುಮ್ಮನಿದ್ದರು. ನನಗೆ ತುಂಬ ಸಂಕಟವಾಯಿತು, ತುಂಬ ಸಂತೋಷವೂ ಆಯಿತು.

"ನಾಳೆ ಮತ್ತೆ ಕೆಟ್ರೆ?" ಎಂದರು.

"ಕೆಟ್ರೆ ಬಿಚ್ಚೋಣ" ಎಂದೆ.

೫ ಏಪ್ರಿಲ್, ಮಂಗಳವಾರ

ಅಣ್ಣನಿಗೆ ನಾನೇ ಹೇಳಬೇಕಿತ್ತು. ಖಾಲಿ ಗಾಡಿ ವಾಪಸು ಬರುವಾಗ ಬಾಶೆಟ್ಟಿಹಳ್ಳಿಗೆ ತಿರುಗಿಸಿ, ಮಿಲ್ಲಿನ ಗೇಟಿನ ಹತ್ತಿರ ನಿಂತೆವು. ಶಿಫ್ಟು ಬಿಟ್ಟಿತು. ಅಣ್ಣ ಬಂದ, ಕೇಳಿದ, ಉರಿದುಬಿದ್ದ.

"ಸೂಪರ್‌ವೈಸರ್ ಮುಂದೆ ಎಷ್ಟು ಸಲ ಹಲ್ಲು ಗಿಂಜಿದ್ದೀನಿ ಗೊತ್ತೇನೇ? ನನ್ ಮರ್ಯಾದೆ ಏನಾಗ್ಬೇಕು? ಇನ್ಮೇಲೆ ಕೆಲಸ ಅಂತ ನನ್ ಹತ್ರ ಬರ್ಬೇಡ!"

ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ತಲೆತಗ್ಗಿಸಿ ಬೈಸಿಕೊಂಡೆ. ಬೈಯುವ ಭರದಲ್ಲಿ ಅವನ ಕಂಪನಿ ಬಸ್ಸು ಹೊರಟೇಹೋಯಿತು. "ಹತ್ತಿ ಭಾವ" ಎಂದರು ಇವರು. ಬೇರೆ ದಾರಿಯಿರಲಿಲ್ಲ, ಹತ್ತಿದ. ನಾನು ನಡುವೆ ಕೂತೆ. ದೊಡ್ಡಬಳ್ಳಾಪುರದವರೆಗೂ ಅಣ್ಣ ಕಿಟಕಿಯಾಚೆಗೇ ಮುಖ ಮಾಡಿಕೊಂಡಿದ್ದ.

ತನ್ನ ಮನೆಯ ಹತ್ತಿರ ಇಳಿದವನು ಬಾಗಿಲು ಹಾಕದೆ ನಿಂತ. "ಮಿಲ್ಲಿನ ಕ್ಯಾಂಟೀನಿಗೆ ತರಕಾರಿ ತರೋನು ಹೇಳಿದ ಟೈಮಿಗೆ ಬರಲ್ಲ. ಬೇರೆ ಗಾಡಿಯೋರನ್ನ ನೋಡ್ತಿದ್ದಾರೆ. ನಿಮ್ದು ದಿನಾ ಬರುತ್ತಾ?"

ಇವರು ನನ್ನ ಮುಖ ನೋಡಿದರು.

"ಬರುತ್ತಣ್ಣ" ಎಂದೆ.

"ಕೇಳ್ನೋಡ್ತೀನಿ. ನಿಮ್ಮ ಮೇಲಿನ ಪ್ರೀತಿಗಲ್ಲ ತಿಳ್ಕೋ. ಅಲ್ಲಿ ಬಾಡಿದ ಸೊಪ್ಪು ತಿಂದು ತಿಂದು ನನ್ ನಾಲಿಗೆ ಕೆಟ್ಟೋಗಿದೆ" ಎಂದು ಬಾಗಿಲನ್ನು ಜೋರಾಗಿ ಹಾಕಿ ಹೋದ.

೧೮ ಏಪ್ರಿಲ್, ಸೋಮವಾರ

ಹುರುಳಿಕಾಯಿ, ಎಲೆಕೋಸು, ದಂಟಿನ ಸೊಪ್ಪು. ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸಿದ್ದೆ, ಬಾಡಲಿಲ್ಲ.

ಮಿಲ್ಲಿನ ಗೇಟಿನಲ್ಲಿ ವಾಚ್‌ಮನ್ ತಡೆದು ಗಾಡಿಯ ನಂಬರು ಬರೆದುಕೊಂಡ. ಒಂದು ಪಾಸು ಹರಿದು ಇವರ ಕೈಗೆ ಕೊಟ್ಟು, "ನಾಳೆಯಿಂದ ಇದನ್ನ ತೋರ್ಸಿ ಒಳಗೆ ಬರ್ಬೇಕು" ಎಂದ. ಬೆಳಗಿನ ಶಿಫ್ಟಿನವರು ಎರಡೂ ಪಕ್ಕದಲ್ಲಿ ಬುತ್ತಿ ಹಿಡಿದು ಒಳಗೆ ಹೋಗುತ್ತಿದ್ದರು. ಅವರಲ್ಲಿ ಅಣ್ಣನೂ ಇದ್ದ. ಇನ್ನೂ ಮುನಿಸು, ಆದರೂ ಗಾಡಿ ಒಳಗೆ ಬರಲೆಂದು ಮುಂದಿನವರನ್ನು ಪಕ್ಕಕ್ಕೆ ಸರಿಸುತ್ತಿದ್ದ.

ಇವರು ಪಾಸನ್ನು ಎರಡು ಸಲ ತಿರುಗಿಸಿ ನೋಡಿ ಜೇಬಿಗಿಟ್ಟುಕೊಂಡರು. "ನೋಡು ಆಶಾ" ಎಂದರು, "ಕಡೆಗೂ ನನ್ನನ್ನ ಮಿಲ್ಲಿಗೆ ಸೇರಿಸೇಬಿಟ್ಟೆ."

ನಗು ತಡೆಯಲಾಗಲಿಲ್ಲ, ವಾಚ್‌ಮನ್ ಮುಂದೆಯೇ ನಕ್ಕುಬಿಟ್ಟೆ. ಗೇಟು ತೆರೆದೇ ಇತ್ತು, ದಾರಿಯಲ್ಲಿ ಯಾರೂ ಅಡ್ಡವಿರಲಿಲ್ಲ. ಆದರೂ ಇವರು ಹಾರ್ನ್ ಹೊಡೆದುಕೊಂಡೇ ಒಳಗೆ ಹೋದರು.